ಆರ್‌ಸಿ ವಿಮಾನ ಬಿದ್ದ ಮ್ಯಾಲೆ ರಿಪೇರಿ ಹೆಂಗ? ಪದೇ ಪದೇ ಕೇಳೂ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಆರ್‌ಸಿ ಅಂದ್ರ ರಿಮೋಟ್ ಕಂಟ್ರೋಲ್ ವಿಮಾನ ಹಾರಸೂ ಹುಡುಗ್ರು ಮತ್ತ ಮತ್ತ ಕೇಳೂ ಪ್ರಶ್ನೆಗಳನ್ನ ಇಲ್ಲಿ ಒಂದ ಕಡೆ ಹಾಕೇನಿ. ಒಂದು ಮೀಟರ್ ಆಜುಬಾಜು ರೆಕ್ಕಿ, 3ಎಸ್ (ಮೂರು ಸೆಲ್ಲಿನ) ಬ್ಯಾಟ್ರಿ, ನಾಲ್ಕು ಸಣ್ಣ ಸರ್ವೋ (ರೆಕ್ಕಿ, ಬಾಲದ ಹಲಗಿ ಆಡಸೂ ಮೋಟರ್) ಇರೂ ಫೋಮ್ ವಿಮಾನನ ಎಲ್ಲಾರ ಕಡೆ ಇರೂದು, ಅದನ್ನ ತಲ್ಯಾಗ ಇಟಗೊಂಡು ಬರದದ್ದು. ಮುರದ ಫೋಮ್ ಕಣ್ಣಿಗೆ ಕಾಣತೈತಿ, ಅದನ್ನ ಯಾರ ಬೇಕಾದ್ರೂ ಅಂಟಸತಾರ. ಎರಡನೇ ಸಲ ಬೀಳೂದು ಕಣ್ಣಿಗೆ ಕಾಣಲಾರದ್ದರಿಂದ, ಸೀಳಿದ ಮೋಟರ್ ಮೌಂಟ್, ಹಲ್ಲು ಹೋದ ಸರ್ವೋ, ಪೆಟ್ಟು ತಿಂದ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟ್ರಿ), ಇಂಥಾವ. ಅದಕ್ಕ ಕೆಳಗ ಅವುಗಳ ಬಗ್ಗೆನ ಜಾಸ್ತಿ ಕೊರದೇನಿ.

ವಿಮಾನ ಬಿತ್ತು. ಮೊದಲ ಏನ್ ಮಾಡ್ಲಿ?

ಓಡಬ್ಯಾಡ್ರಿ. ಮೊದಲ ಥ್ರಾಟಲ್ ಪೂರ್ತಿ ಕೆಳಗ ತಗೀರಿ, ಥ್ರಾಟಲ್ ಕಟ್ ಸ್ವಿಚ್ ಇದ್ರ ಅದನ್ನೂ ಹಾಕ್ರಿ. ಗಾಬರ್ಯಾಗ ಬೆರಳು ಸ್ಟಿಕ್ ಮ್ಯಾಲೆ ಉಳದಿರತೈತಿ, ಅಲ್ಲಿ ನೋಡಿದ್ರ ಪ್ರೊಪೆಲ್ಲರ್ ಮಣ್ಣಾಗ ಸಿಕ್ಕೊಂಡು ತಿರಗಲಾರದ ನಿಂತಿರತೈತಿ, ಇಎಸ್‌ಸಿ (ಮೋಟರಿನ ಸ್ಪೀಡ್ ಕಂಟ್ರೋಲರ್) ಮಾತ್ರ ಕರೆಂಟ್ ದಬ್ಬಕೋತನ ಇರತೈತಿ, ಸ್ವಲ್ಪ ಹೊತ್ತಿನ್ಯಾಗ ಸುಟ್ಟ ವಾಸನಿ. ಬಿದ್ದು ಹಾಳಾಗಲಾರದ ಮೋಟರ್ ಹಿಂಗ ಬಿದ್ದ ಮ್ಯಾಲೆ ಹಾಳಾಗೂದು ಭಾಳ ಐತಿ.

ಟ್ರಾನ್ಸ್‌ಮಿಟರ್ (ಕೈಯಾಗಿನ ರಿಮೋಟ್) ಆನ್ ಇರಲಿ. ವಿಮಾನದ ಬ್ಯಾಟ್ರಿ ಕಿತ್ತಿದ ಮ್ಯಾಲೆನ ಅದನ್ನ ಬಂದ್ ಮಾಡೂದು, ಫೇಲ್‌ಸೇಫ್ (ಸಿಗ್ನಲ್ ಹೋದಾಗ ವಿಮಾನ ಏನ್ ಮಾಡಬೇಕು ಅನ್ನೂ ಸೆಟಿಂಗ್) ಸರಿ ಸೆಟ್ ಆಗಿರಲಿಲ್ಲಂದ್ರ ಸಿಗ್ನಲ್ ಹೋದ ಕೂಡಲೆ ಮೋಟರ್ ತಾನ ಚಾಲೂ ಆಗಬಹುದು, ಆವಾಗ ನಿಮ್ಮ ಕೈ ಅಲ್ಲೇ ಇರತೈತಿ. ಹಿಂದಿನ ಕಡೆಯಿಂದ ಹೋಗ್ರಿ, ಬ್ಯಾಟ್ರಿ ಕೀಳ್ರಿ, ಆಮ್ಯಾಲೆ ಫೋನ್ ತಗದು ಬಿದ್ದದ್ದು ಬಿದ್ದಂಗ ಒಂದೆರಡು ಫೋಟೋ ಹೊಡಕೋರಿ. ಯಾವ ರೆಕ್ಕಿ ಮೊದಲ ನೆಲಕ್ಕ ಬಡದೈತಿ, ಯಾವ ವೈರ್ ಕಿತ್ತೈತಿ ಅನ್ನೂದು ಮನಿಗೆ ಬಂದ ಮ್ಯಾಲೆ ಆ ಫೋಟೋದಾಗ ಗೊತ್ತಾಗತೈತಿ.

ಮತ್ತ ಚೂರುಗಳು. ಉಗುರಿನಷ್ಟು ಫೋಮ್ ಚೂರು ಇದ್ರೂ ಆರಿಸಿ ಒಂದು ಕ್ಯಾರಿಬ್ಯಾಗಿನ್ಯಾಗ ಹಾಕೋರಿ. ಹಳೇ ಚೂರು ತನ್ನ ಜಾಗಾದಾಗ ಕುಂತ್ರ ಮೂಲ ಆಕಾರ ತಾನ ಬರತೈತಿ, ಹೊಸಾ ತುಂಡು ಕೊಯ್ದು ತಿದ್ದಿ ಕೂಡಸಾಕ ಹೋದ್ರ ಒಂದು ಸಂಜಿ ಪೂರ್ತಿ ಹೋಗತೈತಿ.

ಕಬ್ಬಿನ ಗದ್ದ್ಯಾಗ ಬಿತ್ತು, ಸಿಗವಲ್ದು. ಏನ್ ಮಾಡೂದು?

ಇದು ನಮ್ಮ ಕಡೆಯ ಖಾಸ್ ಸಮಸ್ಯೆ. ಎಂಟು ಹತ್ತು ಅಡಿ ನಿಂತ ಕಬ್ಬಿನ್ಯಾಗ ನಾಕು ಹೆಜ್ಜಿ ದೂರ ಇರೂ ವಿಮಾನನೂ ಕಾಣಂಗಿಲ್ಲ.

ನಿಂತ ಜಾಗಾ ಬಿಡಬ್ಯಾಡ್ರಿ. ವಿಮಾನ ಮರಿಯಾದ ಕಡೆ ನೆಟ್ಟಗ ನೋಡಿ, ಅದರ ಹಿಂದ ಕರೆಂಟ್ ಕಂಬಾನೋ ಬೇವಿನ ಗಿಡಾನೋ ಏನ್ ಐತಿ ಗುರತ ಹಿಡೀರಿ. ನೀವು ಅಲ್ಲೇ ನಿಂತು ಜೋಡಿದಾರನ್ನ ಒಳಗ ಕಳಸರಿ, ಫೋನಿನ್ಯಾಗ ಎಡಕ್ಕ ಬಲಕ್ಕ ಅಂತ ಹೇಳ್ರಿ. ಜನ ಸಾಮಾನ್ಯವಾಗಿ ವಿಮಾನ ಹತ್ರನ ಬಿದ್ದೈತಿ ಅಂತ ಅನಕೊಂಡು ಹುಡಕತಾರ, ಖರೇ ಅಂದ್ರ ಹೆಚ್ಚಾಗಿ ಅದು ಇನ್ನೂ ಮುಂದ ಇರತೈತಿ.

ಬ್ಯಾಟ್ರಿ ಇನ್ನೂ ಜೋಡಿ ಇದ್ರ ಥ್ರಾಟಲ್ ಮುಟ್ಟಲಾರದ ರಡರ್ (ಬಾಲದ ನಿಂತ ಹಲಗಿ) ಸ್ಟಿಕ್ ಆ ಕಡೆ ಈ ಕಡೆ ಮಾಡ್ರಿ, ಒಳಗಿದ್ದಾಂವಗ ಸರ್ವೋ ಕಿರ್ರ್ ಅನ್ನೂದು ಕೇಳತೈತಿ. ಫೇಲ್‌ಸೇಫಿನ್ಯಾಗ ಥ್ರಾಟಲ್ ಸೊನ್ನೆ ಐತಿ ಅಂತ ಪಕ್ಕಾ ಗೊತ್ತಿದ್ರ ಟ್ರಾನ್ಸ್‌ಮಿಟರ್ ಬಂದ್ ಮಾಡಿ ನೋಡ್ರಿ, ಭಾಳಷ್ಟು ಇಎಸ್‌ಸಿ ಸಿಗ್ನಲ್ ಇಲ್ಲಂದ್ರ ಬೀಪ್ ಬೀಪ್ ಅಂತ ಕೂಗತಾವ. ಗಾಳಿ ನಿಂತಾಗ ಕಿವಿ ಕೊಡ್ರಿ, ಗಾಳಿ ಬಿಟ್ರ ಕಬ್ಬಿನ ರವದಿ ಸಪ್ಪಳದಾಗ ಏನೂ ಕೇಳಂಗಿಲ್ಲ. ತುಂಬತೋಳಿನ ಅಂಗಿ, ಬೂಟು ಹಾಕ್ಕೊಂಡ ಒಳಗ ಹೋಗ್ರಿ, ಎಲಿ ಕೈ ಕೊಯ್ಯತಾವ, ಹಾವಿನ ಭಯಾನೂ ಇರತೈತಿ. ಹೊಲದವರಿಗೆ ಮೊದಲ ಹೇಳೂದು ಅಂತೂ ಬಿಡಬ್ಯಾಡ್ರಿ. ಸಣ್ಣ ಬಝರ್ ಒಂದು ರಿಸೀವರಿಗೆ (ವಿಮಾನದೊಳಗ ಸಿಗ್ನಲ್ ಹಿಡಿಯೂ ಡಬ್ಬಿ) ಕಾಯಂ ಜೋಡಿಸಿಟ್ರ ಇಷ್ಟೆಲ್ಲಾ ರಾಮಾಯಣ ಇಲ್ಲ.

ರಿಪೇರಿ ಚಾಲೂ ಮಾಡೂ ಮೊದಲ ಯಾಕ ಬಿತ್ತು ಅಂತ ಗೊತ್ತಾಗಲೇ ಬೇಕಾ?

ಗೊತ್ತಾಗಬೇಕ್ರಿ. ಗೊತ್ತಿಲ್ಲದ ರಿಪೇರಿ ಮಾಡಿದ್ರ ಅದ ಕಾರಣಕ್ಕ ಮತ್ತ ಬೀಳತೈತಿ. ಹಾರಾಕತ್ತದ್ದು ಒಮ್ಮಿಂದೊಮ್ಮೆಲೆ ಯಾವ ಸ್ಟಿಕ್ಕಿಗೂ ಮಾತು ಕೇಳದ ಬಿತ್ತಂದ್ರ ರಿಸೀವರಿಗೆ ವೋಲ್ಟೇಜ್ ಹೋಗಿರಬೇಕು. ಇಎಸ್‌ಸಿಯೊಳಗಿನ ಬಿಇಸಿ (ರಿಸೀವರ್, ಸರ್ವೋಗಳಿಗೆ ವೋಲ್ಟೇಜ್ ಕೊಡೂ ಭಾಗ) ಕೊಡೂ 5 ವೋಲ್ಟ್‌ ಎಲ್ಲಾ ಸರ್ವೋ ಒಮ್ಮೆ ಎಳದಾಗ ಕುಸದ್ರ ರಿಸೀವರ್ ರೀಸೆಟ್ ಆಗತೈತಿ. ಮೋಟರ್ ಬಂದ್ ಆತು ಖರೆ ಕಂಟ್ರೋಲ್ ಇತ್ತು ಅಂದ್ರ ಅದು ಲೋ ವೋಲ್ಟೇಜ್ ಕಟಾಫ್, ಬ್ಯಾಟ್ರಿ ಮುಗದಿತ್ತು ಅಷ್ಟ. ಟೇಕಾಫ್ ಆದ ಕೂಡಲೆ ಒಂದ ಕಡೆ ಮಗಚಿದ್ರ ಏಲೆರಾನ್ (ರೆಕ್ಕಿ ಹಿಂದಿನ ಅಂಚಿನ ಆಡೂ ಹಲಗಿ) ಉಲ್ಟಾ ಇತ್ತೇನು ನೋಡ್ರಿ.

ಎಲ್ಲಾಕ್ಕಿಂತ ಹೆಚ್ಚು ಬೀಳೂದು ಗಾಳಿ ಬೆನ್ನಿಗೆ ಇದ್ದಾಗ ತಿರಗಸೂ ಮುಂದ. ಗಾಳಿ ದಬ್ಬಾಕತ್ತಿರತೈತಿ, ನೆಲದ ಮ್ಯಾಲಿಂದ ನೋಡೂರಿಗೆ ವಿಮಾನ ಜೋರ ಹೊಂಟಂಗ ಕಾಣತೈತಿ, ಅದಕ್ಕ ಥ್ರಾಟಲ್ ಕಡಿಮಿ ಮಾಡತಾರ, ರೆಕ್ಕಿ ಮ್ಯಾಲಿನ ಗಾಳಿ ವೇಗ ಖರೇನ ಕಡಿಮಿ ಆಗಿ ಒಳಗಿನ ರೆಕ್ಕಿ ತುದಿ ಸ್ಟಾಲ್ ಆಗಿ (ಎತ್ತೂ ಬಲಾ ಕಳಕೊಂಡು) ತಿರುವ್ಯಾಡಿ ಬೀಳತೈತಿ. ಜೂನದಿಂದ ಆಗಸ್ಟ್ ತನಕ ಬೆಳಗಾವ್ಯಾಗ ಪಡುವಣ ಗಾಳಿ ಜೋರ ಇದ್ದಾಗ ಇದು ಕಾಯಂ. ಆವಾಗ ವಿಮಾನದಾಗ ತಪ್ಪು ಹುಡಕೂದು ಸುಮ್ನ ಟೈಮ್ ವೇಸ್ಟ್.

ಲಿಪೋ ಬ್ಯಾಟ್ರಿಗೆ ಪೆಟ್ಟು ಬಿದ್ದೈತಿ. ಮತ್ತ ಹಾಕಬಹುದಾ?

ಇದರಾಗ ಮಾತ್ರ ಕಂಜೂಸತನ ಬ್ಯಾಡ. ಬ್ಯಾಟ್ರಿ ಮೂಗಿನ್ಯಾಗ ಇರತೈತಿ, ವಿಮಾನ ಮೂಗು ಹಚ್ಚಿ ಬಿದ್ರ ಮೊದಲ ಪೆಟ್ಟು ಅದಕ್ಕನ. ತಗದ ಕೂಡಲೆ ಬ್ಯಾಗಿನ್ಯಾಗ, ಗಾಡಿ ಡಿಕ್ಕ್ಯಾಗ ಇಡಬ್ಯಾಡ್ರಿ. ಬಯಲಾಗ ಒಣಾ ಹುಲ್ಲು, ರವದಿ, ಕಣಕಿ ಬಣಿವಿ ಯಾವುದೂ ಹತ್ರ ಇಲ್ಲದ ಕಡೆ ಬರೇ ಮಣ್ಣಿನ ಮ್ಯಾಲೆ ಇಟ್ಟು ಅರ್ಧಾ ಪೌಣಾ ತಾಸು ದೂರಿಂದ ನೋಡ್ರಿ. ಒಳಗ ಪದರು ಶಾರ್ಟ್ ಆಗಿದ್ರ ಬೆಂಕಿ ಕೂಡಲೆ ಬರಬೇಕಂತೇನಿಲ್ಲ, ತಡಾ ಮಾಡಿನೂ ಬರಬಹುದು.

ಆಮ್ಯಾಲೆ ಕೈಗೆ ತಗೊಂಡು ಮೂಲಿಗಳನ್ನ ನೋಡ್ರಿ. ಮೂಲಿ ಜಜ್ಜಿದ್ರ, ಮ್ಯಾಲಿನ ಹೊದಿಕಿ ಹರದಿದ್ರ, ಪೂರಿ ಉಬ್ಬಿದಂಗ ಉಬ್ಬಿದ್ರ, ಸಿಹಿ ಸಿಹಿ ನೇಲ್ ಪಾಲಿಶ್ ಥರ ವಾಸನಿ ಬಂದ್ರ, ಅದರ ಕತಿ ಮುಗೀತು. ಏನೂ ಇಲ್ಲಂದ್ರ ಸೆಲ್ ಚೆಕ್ಕರ್ ಹಾಕಿ ಒಂದೊಂದ ಸೆಲ್ಲಿನ ವೋಲ್ಟೇಜ್ ಬರದಿಟಗೊಂಡು ಮರುದಿನ ಮತ್ತ ನೋಡ್ರಿ. ಮೂರೂ ಸೆಲ್ ಹೆಚ್ಚೂಕಡಿಮಿ ಒಂದ ಇರಬೇಕು, ಉಳದೆರಡು 3.8 ಇದ್ದು ಒಂದ ಮಾತ್ರ ರಾತ್ರಿ ಕಳ್ಯೂದ್ರಾಗ 3.6ಕ್ಕ ಇಳದಿದ್ರ ಆ ಸೆಲ್ ಒಳಗ ಸೋರಾಕತ್ತೈತಿ. ಎಲ್ಲಾ ಸರಿ ಇದ್ರ ಮೊದಲ ಸಲ ಚಾರ್ಜ್ ಮಾಡೂ ಮುಂದ 2200 ಎಂಎಎಚ್ ಬ್ಯಾಟ್ರಿಗೆ 1 ಆಂಪಿಯರ್ ಅಷ್ಟ ಕೊಟ್ಟು ಎದುರಿಗೆ ಕುಂಡ್ರರಿ, ಮನಿ ಒಳಗ ಬ್ಯಾಡ, ಹೊರಗಿನ ಕಟ್ಟಿ ಮ್ಯಾಲೆ, ಬಾಜೂಕ ಒಂದು ಬಕೆಟ್ ಒಣಾ ಉಸುಕು.

ಒಗಿಯೂದಿದ್ರ ಕಾರಿನ ಹಳೇ 12 ವೋಲ್ಟ್ ಬಲ್ಬ್ ಜೋಡಿಸಿ, ಹೊರಗ ಇಟ್ಟು ಪೂರ್ತಿ ಖಾಲಿ ಮಾಡಿ ಇ-ವೇಸ್ಟ್ ತಗೊಳ್ಳೋರಿಗೆ ಕೊಡ್ರಿ. ಕಸದ ಗಾಡ್ಯಾಗ ಒಗೀಬ್ಯಾಡ್ರಿ, ಗಾಡ್ಯಾಗ ಅದನ್ನ ಒತ್ತಿ ಚಪ್ಪಟಿ ಮಾಡತಾರ. ಉಬ್ಬಿದ ಗಾಳಿ ತಗೀತೀನಿ ಅಂತ ಸೂಜಿ ಚುಚ್ಚೂ ಮಂದಿನೂ ಅದಾರ, ದೇವರಾಣಿ ಹಂಗ ಮಾಡಬ್ಯಾಡ್ರಿ.

ಯಾವ ಫೋಮಿಗೆ ಯಾವ ಗಮ್ ಹಚ್ಚಬೇಕು?

ಅತೀ ಹೆಚ್ಚು ಬರೂ ಪ್ರಶ್ನೆ, ಅತೀ ಹೆಚ್ಚು ವಿಮಾನ ಹಾಳಾಗೂದೂ ಇದರಾಗನ. ಮೊದಲ ನಿಮ್ಮ ಫೋಮ್ ಯಾವುದು ತಿಳಕೋರಿ. ಟಿವಿ ಡಬ್ಬಿಯೊಳಗ ಬರೂ ಬಿಳೇ ಕಾಳು ಕಾಳಿನ ಥರ್ಮಾಕೋಲ್ ಅಂದ್ರ ಇಪಿಎಸ್, ಮುರದ್ರ ಟಕ್ ಅಂತೈತಿ. ಕಂಪನಿ ರೆಡಿಮೇಡ್ ವಿಮಾನ ಹೆಚ್ಚಾಗಿ ಇಪಿಒ, ನೋಡಾಕ ಥರ್ಮಾಕೋಲ್ ಕಂಡ್ರೂ ನುಣುಪು, ಗಟ್ಟಿ, ಸ್ವಲ್ಪ ಬಾಗತೈತಿ. ಇಪಿಪಿ ಅಂದ್ರ ರಬ್ಬರ್ ಗತಿ ಮಡಚಿ ಬಿಟ್ರ ವಾಪಸ್ ಬರೂದು. ಕಾಲೇಜ್ ಹುಡುಗ್ರು ಕೊಯ್ದು ಮಾಡೂದು ಹೆಚ್ಚಾಗಿ ಪೇಪರ್ ಅಂಟಿಸಿದ ಫೋಮ್‌ಬೋರ್ಡ್ ಇಲ್ಲಾ ಡೆಪ್ರಾನ್, ಇವೆರಡರ ಒಳಗಿಂದು ಥರ್ಮಾಕೋಲ್ ಜಾತಿನ.

ಫೆವಿಕ್ವಿಕ್ ಥರದ ಸಿಎ ಗಮ್ ಇಪಿಒ, ಇಪಿಪಿಗೆ ನಡೀತೈತಿ, ಛಲೋನೂ ಹಿಡೀತೈತಿ. ಅದ ಗಮ್ ಥರ್ಮಾಕೋಲಿಗೆ, ಡೆಪ್ರಾನಿಗೆ ಹಾಕಿದ್ರ ಫೋಮ್ ಕರಗಿ ಗುಂಡಿ ಬೀಳತೈತಿ. ಅಂಗಡ್ಯಾಗ ಕೊಡೂ ಚಪ್ಪಲಿ ಅಂಟಸೂ ಹಳದಿ ರಬ್ಬರ್ ಸೊಲ್ಯೂಶನ್ನೂ ಹಂಗ, ಅದರಾಗಿನ ಸಾಲ್ವೆಂಟ್ ಥರ್ಮಾಕೋಲ್ ತಿಂತೈತಿ. ಯಾವುದಕ್ಕೂ ಕಾಣಲಾರದ ಕಡೆ ಅಂದ್ರ ಬ್ಯಾಟ್ರಿ ಡಬ್ಬಿಯೊಳಗ ಒಂದು ಹನಿ ಹಾಕಿ ಐದು ನಿಮಿಷ ಬಿಟ್ಟು ನೋಡ್ರಿ, ಆ ಮ್ಯಾಲೆ ರೆಕ್ಕಿಗೆ ಹಚ್ಚರಿ.

ಎಪಾಕ್ಸಿ ಎಲ್ಲಾದಕ್ಕೂ ನಡೀತೈತಿ, ಯಾವ ಫೋಮೂ ಕರಗಸಂಗಿಲ್ಲ. ಎರಡು ಟ್ಯೂಬಿನ ಸಾದಾ ಅರಾಲ್ಡೈಟ್ ರಾತ್ರಿಯಿಡೀ ಬಿಡಬೇಕು, ಬಲಾ ಹೆಚ್ಚು, ಮೋಟರ್ ಮೌಂಟ್ ಮತ್ತ ರೆಕ್ಕಿ ನಡಬರಕ ಅದನ್ನ ಹಚ್ಚರಿ. 5 ನಿಮಿಷದ್ದು ಉಳದ ಕೆಲಸಕ್ಕ ಸಾಕು, ಖರೆ ವಿಜಯಪುರದ ಏಪ್ರಿಲ್ ಬಿಸಲಾಗ ಅದು ಐದು ನಿಮಿಷ ಏನ್ ಕಾಯಂಗಿಲ್ಲ, ಕಲಸೂದ್ರಾಗನ ಕಡ್ಡಿಗೆ ಗಟ್ಟಿ ಆಗಿಬಿಡತೈತಿ, ಸಂಜಿ ಮುಂದ ಮಾಡ್ರಿ. ಎಪಾಕ್ಸಿ ವಜ್ಜಿ ಇರತೈತಿ ಅನ್ನೂದೊಂದು ಅದರ ತಪ್ಪು. ಹಚ್ಚಿ ಒತ್ತಿದ ಮ್ಯಾಲೆ ಹೊರಗ ಬಂದದ್ದನ್ನೆಲ್ಲಾ ಹಳೇ ಎಟಿಎಂ ಕಾರ್ಡಿಲೆ ಕೆರದು ತಗೀರಿ, ಹೊರಗ ಉಳದ ಗಮ್ ಬಲಾ ಏನೂ ಕೊಡಂಗಿಲ್ಲ, ತೂಕ ಅಷ್ಟ ಕೊಡತೈತಿ.

ಬಿಳೇ ಫೆವಿಕಾಲ್ ದಪ್ಪ ಫೋಮಿನ ನಡಬರಕ ಹಚ್ಚಿದ್ರ ಗಾಳಿ ಆಡಲಾರದ ವಾರ ಆದ್ರೂ ಒಳಗ ಹಸಿ ಇರತೈತಿ, ಪೇಪರ್ ಅಂಟಸಾಕ, ಬಾಲ್ಸಾಕ್ಕ (ಭಾಳ ಹಗರ ಕಟಗಿ) ಮಾತ್ರ ಛಲೋ. ಹಾಟ್ ಗ್ಲೂ ಫೋಮ್‌ಬೋರ್ಡಿಗೆ ಎಲ್ಲಾಕ್ಕಿಂತ ಬೇಗ ಆಗೂ ಕೆಲಸ. ಥರ್ಮಾಕೋಲಿಗೆ ಹಚ್ಚೂ ಮೊದಲ ಗನ್ನಿನ ಸ್ವಿಚ್ ಬಂದ್ ಮಾಡಿ ಸ್ವಲ್ಪ ಆರಿಸಿ ಹಚ್ಚರಿ, ಇಲ್ಲಂದ್ರ ಅದೂ ಕರಗಸತೈತಿ.

ಬ್ಯಾಸಿಗ್ಯಾಗ ಹಾಟ್ ಗ್ಲೂ ಬಿಟಗೋತೈತಂತ, ಖರೆ ಏನು?

ಖರೆ. ಮೇ ತಿಂಗಳಾಗ 40 ಡಿಗ್ರಿ ದಾಟಿದಾಗ ಗಾಜು ಏರಿಸಿದ ಕಾರಿನ್ಯಾಗ ವಿಮಾನ ಇಟ್ಟು ಚಹಾ ಕುಡ್ಯಾಕ ಹೋಗಿ ಬಂದ್ರ ಮೋಟರ್ ಮೌಂಟ್ ಕೈಗೆ ಬರತೈತಿ. ಮೋಟರ್ ತಾನೂ ಬಿಸಿ ಆಗತೈತಿ, ಅದರ ಹತ್ರ ಹಾಟ್ ಗ್ಲೂ ಬ್ಯಾಡ. ಕರೇ ಬಣ್ಣಾ ಹೊಡದ ರೆಕ್ಕಿ ಬಿಸಲಾಗ ಇಟ್ರ ಸೊಟ್ಟಾನೂ ಆಗತೈತಿ, ಬಿಳೇದ ಇರಲಿ ಬಿಡ್ರಿ.

ಮೂಗು ಜಜ್ಜಿ ಒಳಗ ಹೋಗೈತಿ. ಬಿಸಿನೀರು ಹಾಕಿದ್ರ ಸರಿ ಆಗತೈತಂತ?

ಇಪಿಒಕ್ಕ ಛಲೋ ಕೆಲಸ ಮಾಡತೈತಿ. ಎಲೆಕ್ಟ್ರಾನಿಕ್ಸ್ ಎಲ್ಲಾ ತಗದು, ಕುದಿಯೂ ನೀರು ಸಣ್ಣಗ ಜಜ್ಜಿದ ಜಾಗಾದ ಮ್ಯಾಲೆ ಸುರವರಿ, ಒಳಗ ಒತ್ತಿಕೊಂಡ ಕಾಳು ಒಂದೊಂದ ಉಬ್ಬಿ ಹೊರಗ ಬರೂದು ಕಣ್ಣಿಗೆ ಕಾಣತೈತಿ, ನೆರಿ ಬಿದ್ದ ಮೂಗು ಮೆಲ್ಲಕ ತುಂಬಿಕೊಳ್ಳತೈತಿ. ಕೈಲೆ ಒತ್ತಿ ಆಕಾರಕ್ಕ ತಂದು, ಬಿಸಿ ಆರೂ ತನಕ ಹಿಡೀರಿ. ಅತಿ ಮಾಡಿದ್ರ ಕಾಳು ಲೆಕ್ಕಕ್ಕಿಂತ ಹೆಚ್ಚು ಉಬ್ಬಿ ಮ್ಯಾಲೆಲ್ಲಾ ಗುಳ್ಳಿ ಏಳತಾವ, ಅದನ್ನ ವಾಪಸ್ ತರಾಕ ಆಗಂಗಿಲ್ಲ. ಹೀಟ್ ಗನ್, ಹೇರ್ ಡ್ರಾಯರ್ ಇದ್ರಿಂದ ಆ ಅಪಾಯ ಜಾಸ್ತಿ, ನೀರು 100 ಡಿಗ್ರಿ ದಾಟಂಗಿಲ್ಲಲ್ಲ, ಅದಕ್ಕ ನೀರ ಛಲೋ. ಹರದ ಜಾಗಾ ಇದ್ರ ಮೊದಲ ಬಿಸಿನೀರು, ಆಮ್ಯಾಲೆ ಗಮ್. ಉಲ್ಟಾ ಮಾಡಬ್ಯಾಡ್ರಿ.

ಎರಿ ಮಣ್ಣಾಗ ಬಿದ್ದಿದ್ರ ಮೊದಲ ಮಣ್ಣು ಪೂರ್ತಿ ಒಣಗಲಿ, ಆಮ್ಯಾಲೆ ಹಳೇ ಟೂತ್‌ಬ್ರಶ್‌ಲೆ ಉದರಸರಿ. ಹಸಿ ಇದ್ದಾಗ ಒರಸಿದ್ರ ಆ ಮಣ್ಣು ಕಾಳಿನ ಸಂದ್ಯಾಗ ಸೇರಿ ಗಮ್ ಹಿಡಿಯೂದ ಇಲ್ಲ.

ರೆಕ್ಕಿ ನಡಬರಕ ಎರಡು ತುಂಡ ಆಗೈತಿ.

ರೆಕ್ಕಿಗೆ ಗಮ್ ಅಷ್ಟ ಸಾಲಂಗಿಲ್ಲ. ಗಮ್ ಹಚ್ಚಿದ ಸಂದಿ ಗಟ್ಟಿ ಇರತೈತಿ, ಅದರ ಬಾಜೂಕಿನ ಫೋಮ್ ಮುಂದಿನ ಸಲ ಮುರೀತೈತಿ. ಒಳಗ ಸ್ಪಾರ್ (ರೆಕ್ಕಿ ಉದ್ದಕ್ಕ ಹಾಕೂ ಗಟ್ಟಿ ಕಡ್ಡಿ) ಹೋಗಬೇಕು.

ಮೊದಲ ಗಮ್ ಇಲ್ಲದ ಎರಡೂ ತುಂಡು ಜೋಡಿಸಿ ನೋಡ್ರಿ, ನಡುವ ಸಿಕ್ಕೊಂಡ ಮಣ್ಣಿನ ಹಳ್ಳು, ಉಬ್ಬಿದ ಫೋಮ್ ಚೂರು ತಗೀರಿ, ಬೆಳಕಿಗೆ ಹಿಡದ್ರ ಸಂದ್ಯಾಗ ಬೆಳಕು ಕಾಣಬಾರದು. ಆಮ್ಯಾಲೆ ಎಪಾಕ್ಸಿ ಹಚ್ಚಿ ನೆಟ್ಟಗಿದ್ದ ಜಾಗಾದ ಮ್ಯಾಲೆ ಇಡ್ರಿ. ನಮ್ಮ ಮನಿಗಳಾಗ ಇಳಕಲ್ ಗ್ರಾನೈಟಿನ ಅಡಿಗಿ ಕಟ್ಟಿ ಇರತೈತಲ್ಲ, ಅದಕ್ಕಿಂತ ನೆಟ್ಟಗಿದ್ದ ಮೇಜು ಸಿಗಂಗಿಲ್ಲ, ಮ್ಯಾಲೆ ಪ್ಲಾಸ್ಟಿಕ್ ಹಾಳಿ ಹಾಸೂದು ಮರೀಬ್ಯಾಡ್ರಿ, ಇಲ್ಲಂದ್ರ ರೆಕ್ಕಿ ಕಟ್ಟಿಗೆ ಅಂಟತೈತಿ, ಮನ್ಯಾಗಿನವರ ಹತ್ರ ನೀವು ಬೈಸಕೋತೀರಿ.

ಒಣಗಿದ ಮ್ಯಾಲೆ ರೆಕ್ಕಿ ತಳದಾಗ, ಎಲ್ಲಿ ಅತೀ ದಪ್ಪ ಐತಿ ಅಲ್ಲಿ, ಅಂದ್ರ ಮುಂದಿನ ಅಂಚಿನಿಂದ ಸುಮಾರು ಮೂರನೇ ಒಂದು ಭಾಗದ ಹತ್ರ, ಉದ್ದಕ್ಕ ಕಟರ್‌ಲೆ ಗೀರು ಹಾಕ್ರಿ. ಮುರದ ಜಾಗಾದಿಂದ ಎರಡೂ ಕಡೆ ಕಡಿಮಿ ಅಂದ್ರೂ 15 ಸೆಂಟಿಮೀಟರ್ ಹೋಗಬೇಕು. ಅದರಾಗ 4 ಎಂಎಂ ಕಾರ್ಬನ್ ರಾಡ್ ಕೂಡಿಸಿ ಎಪಾಕ್ಸಿ ತುಂಬರಿ. ಕಾರ್ಬನ್ ಸಿಗಲಿಲ್ಲಂದ್ರ ಸೀಳಿದ ಬಿದರಿನ ಕಡ್ಡಿ ನಡೀತೈತಿ, ಗಂಟು ಇಲ್ಲದ್ದು ಆರಸರಿ, ಸ್ವಲ್ಪ ವಜ್ಜಿ ಅಷ್ಟ. ಕಾರ್ಬನ್ ಕೊಯ್ಯೂ ಮುಂದ ಮಾಸ್ಕ್ ಹಾಕೋರಿ, ಆ ಕರೇ ಪುಡಿ ಪುಪ್ಪಸಕ್ಕ ಛಲೋ ಅಲ್ಲ. ಮ್ಯಾಲೊಂದು ದಾರದ ಫೈಬರ್ ಟೇಪ್ ಹಚ್ಚಿದ್ರ ರೆಕ್ಕಿ ಮೊದಲಿನಕಿಂತ ಗಟ್ಟಿ.

ಆಮ್ಯಾಲೆ ಹಿಂದ ನಿಂತು ಒಂದು ಕಣ್ಣು ಮುಚ್ಚಿ ಎರಡೂ ರೆಕ್ಕಿ ತುದಿ ನೋಡ್ರಿ. ಒಂದು ತುದಿ ಸ್ವಲ್ಪ ತಿರುವಿದ್ರೂ ವಿಮಾನ ಜೀವನ ಪೂರ್ತಿ ಒಂದ ಕಡೆ ಎಳೀತೈತಿ, ಟ್ರಿಮ್ (ರಿಮೋಟಿನ್ಯಾಗಿನ ಸಣ್ಣ ತಿದ್ದುಪಡಿ) ಕೊಟ್ಟು ನೆಟ್ಟಗ ಮಾಡಿದ್ರೂ ನಿಧಾನ ಹಾರಿದಾಗ ಅದ ಕಡೆ ಬೀಳತೈತಿ.

ಬಾಲ್ಸಾ ವಿಮಾನ ಇದ್ರ?

ಬಾಲ್ಸಾ ಸೀಳು ನೆಟ್ಟಗ ಕೂಡಿದ್ರ ತೆಳು ಸಿಎ ಒಂದ ಹನಿ ಸಾಕು, ತಾನ ಎಳಕೊಳ್ಳತೈತಿ. ಪೂರ್ತಿ ಮುರದ ಕಡ್ಡಿಗೆ ಬಾಜೂಕ ಅಷ್ಟ ಉದ್ದದ ಇನ್ನೊಂದ ತುಂಡು ಜೋಡಸರಿ. ತುಂಡಿನ ತುದಿ ಚೌಕ ಬಿಡಬ್ಯಾಡ್ರಿ, ಇಳಿಜಾರ ಕೆತ್ತರಿ, ಇಲ್ಲಂದ್ರ ತುದಿ ಮುಗಿಯೂ ಜಾಗಾದಾಗನ ಮತ್ತ ಮುರೀತೈತಿ. ಸ್ಕ್ರೂ ತೂತು ದೊಡ್ಡದಾಗಿದ್ರ ಅಡಿಗಿ ಸೋಡಾ ತುಂಬಿ ಮ್ಯಾಲೆ ಸಿಎ ಹನಿ ಬಿಡ್ರಿ, ಕ್ಷಣದಾಗ ಕಲ್ಲಾಗತೈತಿ, ಹೊಗಿ ಬರತೈತಿ, ಮಾರಿ ಹತ್ರ ಒಯ್ಯಬ್ಯಾಡ್ರಿ.

ಮೋಟರ್ ತಿರಗತೈತಿ ಖರೆ ಸಪ್ಪಳ ಬ್ಯಾರೆ ಬರಾಕತ್ತೈತಿ.

ಪ್ರೊಪೆಲ್ಲರ್ ತಗದು ಚೆಕ್ ಮಾಡ್ರಿ. ಮನಿಯೊಳಗ ಏನ ಟೆಸ್ಟ್ ಮಾಡಿದ್ರೂ ಪ್ರೊಪೆಲ್ಲರ್ ತಗದ ಮಾಡೂದು, ಇದರಾಗ ರಿಯಾಯ್ತಿ ಇಲ್ಲ.

ಬ್ಯಾಟ್ರಿ ಇಲ್ಲದ ಕೈಲೆ ತಿರಗಸರಿ. ಆಯಸ್ಕಾಂತ ಇರೂದಕ್ಕ ಟಕ ಟಕ ಅಂತ ತಡದು ತಡದು ತಿರಗೂದು ಸಹಜ, ಅದು ಸುತ್ತೆಲ್ಲಾ ಒಂದ ನಮೂನಿ ಇರಬೇಕು. ಒಂದ ಕಡೆ ಕೆರದಂಗ ಆದ್ರ ಬೆಲ್ (ಮೋಟರಿನ ಹೊರಗಿನ ತಿರಗೂ ಕವಚ) ಸೊಟ್ಟ ಆಗಿ ಒಳಗ ತಾಕಾಕತ್ತೈತಿ, ಇಲ್ಲಾ ಆಯಸ್ಕಾಂತ ಒಂದು ಅಂಟು ಬಿಟ್ಟೈತಿ. ಗರಗರ ಅಂದ್ರ ಬೇರಿಂಗಿನ್ಯಾಗ ಮಣ್ಣು. ಶಾಫ್ಟ್ ಸೊಟ್ಟ ಆಗೇತೇನು ನೋಡಾಕ ಮೋಟರ್ ನಿಧಾನ ತಿರಗಿಸಿ ಶಾಫ್ಟಿನ ತುದಿ ಒಂದು ಗೋಡಿ ಗೆರಿಗೆ ಎದುರು ಹಿಡೀರಿ, ತುದಿ ಅಲಗಾಡೂದು ಕಾಣತೈತಿ.

2212 ಸೈಜಿನ ಮೋಟರಿನ ಶಾಫ್ಟ್ 3.17 ಎಂಎಂ. ಸುತ್ತಿಗಿಲೆ ಬಡದು ನೆಟ್ಟಗ ಮಾಡೂ ಮಂದಿಗೆ ಕೈಮುಗೀತೀನಿ, ಅದು ಪೂರ್ತಿ ನೆಟ್ಟಗ ಆಗೂದ ಇಲ್ಲ. ಹೊಸಾ ಶಾಫ್ಟ್ ಆನ್‌ಲೈನ್ ಸಿಗತೈತಿ, ಬೆಳಗಾವಿಯವರಿಗೆ ಉದ್ಯಮಬಾಗ ಐತಿ, ಅಲ್ಲಿ ಲೇಥ್ ಇಟಗೊಂಡ ಸಣ್ಣ ವರ್ಕ್‌ಶಾಪ್ ಎಷ್ಟೋ, ಹಳೇ ಶಾಫ್ಟ್ ತೋರಿಸಿದ್ರ ಮೈಕ್ರೋಮೀಟರ್ ಹಿಡದು ನೋಡಿ ಅಷ್ಟ ಅಳತಿದು ತಗದು ಕೊಡತಾರ. ಒಂದ ತುಂಡಿಗೆ ಮಶಿನ್ ಚಾಲೂ ಮಾಡಾಕ ಮೊದಲ ನಗತಾರ, ವಿಮಾನಕ್ಕ ಅಂದ ಕೂಡಲೆ ಉತ್ಸಾಹ ಬರತೈತಿ.

ಚಾಲೂ ಮಾಡಿದಾಗ ತಿರಗಲಾರದ ನಡಗಿದ್ರ ಮೂರು ವೈರಿನ್ಯಾಗ ಒಂದು ಕಿತ್ತೈತಿ. ಕೂಡಲೆ ಬಂದ್ ಮಾಡ್ರಿ, ಹಂಗ ಇಟ್ರ ಇಎಸ್‌ಸಿ ಹೋಗತೈತಿ. ಬೆಸಗಿ ಹಾಕಿದ ಮ್ಯಾಲೆ ಉಲ್ಟಾ ತಿರಗಿದ್ರ ಮೂರರಾಗ ಯಾವ ಎರಡಾದ್ರೂ ಅದಲ ಬದಲ ಮಾಡ್ರಿ, ಆತು.

ಮೌಂಟ್ ಮರೀಬ್ಯಾಡ್ರಿ. ಪ್ಲೈವುಡ್ ಮೌಂಟಿನ್ಯಾಗ ಕೂದಲೆಳಿ ಸೀಳು ಇದ್ರ ಮ್ಯಾಲೆ ಕಾಣಂಗಿಲ್ಲ, ಮೋಟರ್ ಹಿಡದು ನಾಕೂ ಕಡೆ ಒತ್ತಿದಾಗ ಕಿರ್ ಅಂತೈತಿ. ಹೆಚ್ಚು ಕಡಿಮಿ ಎಲ್ಲಾ ವಿಮಾನದಾಗ ಮೋಟರ್ ಒಂದೆರಡು ಡಿಗ್ರಿ ಬಲಕ್ಕ ಮತ್ತ ಕೆಳಗ ನೋಡಕೋತ ಕುಂತಿರತೈತಿ, ಅದು ಬೇಕಂತ ಮಾಡಿದ್ದು. ರಿಪೇರಿ ಮಾಡೂರು ಸೊಟ್ಟ ಆಗೈತಿ ಅಂತ ನೆಟ್ಟಗ ಮಾಡಿಬಿಡತಾರ, ಆಮ್ಯಾಲೆ ಥ್ರಾಟಲ್ ಕೊಟ್ಟಾಗೊಮ್ಮೆ ವಿಮಾನ ಎಡಕ್ಕ ಮ್ಯಾಲಕ ಎಳೀತೈತಿ.

ಪ್ರೊಪೆಲ್ಲರಿಗೆ ಸಣ್ಣ ಗೀರು ಬಿದ್ದೈತಿ ಅಷ್ಟ, ನಡೀತೈತೇನು?

ಒಗೀರಿ. ಬುಡದ ಹತ್ರ ಬಿಳೇ ಗೆರಿ ಕಂಡ್ರೂ ಒಗೀರಿ. ನಿಮಿಷಕ್ಕ ಹತ್ತು ಸಾವಿರ ಸುತ್ತು ತಿರಗೂ ಸಾಮಾನು ಅದು, ಅಂಟಿಸಿ ಹಾಕೂದು ಅನ್ನೂದ ಇಲ್ಲ.

ಸರ್ವೋ ಗರ್ ಗರ್ ಅಂತೈತಿ, ಒಂದ ಕಡೆ ಹೋಗಂಗಿಲ್ಲ.

ಹಲ್ಲು ಮುರದಾವ. 9 ಗ್ರಾಮಿನ ಎಸ್‌ಜಿ90 ಥರದ್ದರಾಗ ಗೇರ್ ಪ್ಲಾಸ್ಟಿಕ್, ಏಲೆರಾನ್ ನೆಲಕ್ಕ ಬಡದ ಕೂಡಲೆ ಆ ಪೆಟ್ಟು ನೆಟ್ಟಗ ಅಲ್ಲಿಗೆ ಹೋಗತೈತಿ. ಪುಶ್‌ರಾಡ್ (ಹಲಗಿ ಎಳಿಯೂ ತಂತಿ) ಬಿಚ್ಚಿ, ಬ್ಯಾಟ್ರಿ ಇಲ್ಲದ, ಹಾರ್ನ್ (ಸರ್ವೋದ ಸಣ್ಣ ತೋಳು) ಕೈಲೆ ಭಾಳ ನಿಧಾನ ಈ ತುದಿಯಿಂದ ಆ ತುದಿ ತನಕ ತಿರಗಸರಿ, ಒಂದು ಕಡೆ ಜಾರಿದಂಗ ಇಲ್ಲಾ ಟಕ್ ಅಂದಂಗ ಆದ್ರ ಅಲ್ಲಿ ಹಲ್ಲಿಲ್ಲ. ಇದು ಭಾಳ ಮೋಸದ ಸಾಮಾನು. ನಡುವಿನ ಹಲ್ಲು ಸರಿ ಇದ್ರ ಮೇಜಿನ ಮ್ಯಾಲೆ ಎಲ್ಲಾ ಛಲೋ ಕಾಣತೈತಿ, ಮ್ಯಾಲೆ ಹೋಗಿ ಪೂರ್ತಿ ಎಲಿವೇಟರ್ (ಮೂಗು ಏರಸೂ ಇಳಸೂ ಬಾಲದ ಹಲಗಿ) ಎಳದಾಗ ಜಾರತೈತಿ.

ಬರೇ ಗೇರ್ ಸೆಟ್ ತರಿಸಿ ಹಾಕಬಹುದು ಖರೆ, ಆ ರೊಕ್ಕಕ್ಕ ಹೊಸಾ ಸರ್ವೋನ ಬರತೈತಿ. ಏಲೆರಾನಿಗೆ ಎಂಜಿ90ಎಸ್ ಥರದ ಲೋಹದ ಗೇರಿಂದು ಹಾಕ್ರಿ, ನಾಕೈದು ಗ್ರಾಂ ಹೆಚ್ಚು, ಇರಲಿ.

ರಿಸೀವರ್ ಸರಿ ಐತಿ, ಲೈಟ್ ಹತ್ತತೈತಿ. ಮತ್ತೇನ್ ನೋಡೂದು?

ಆಂಟೆನಾ. 2.4 ಗಿಗಾಹರ್ಟ್ಸ್ ರಿಸೀವರಿನ ಆಂಟೆನಾ ತುದ್ಯಾಗ ಮ್ಯಾಲಿನ ಕವಚ ಇಲ್ಲದ ಸುಮಾರು 31 ಎಂಎಂ ತಂತಿ ಇರತೈತಿ, ಖರೇ ಆಂಟೆನಾ ಅದ. ಅದು ತುಂಡಾಗಿದ್ರ ಲೈಟ್ ಹತ್ತತೈತಿ, ಮನ್ಯಾಗ ಎಲ್ಲಾ ನಡೀತೈತಿ, ನೂರು ಮೀಟರ್ ಹೋದ ಮ್ಯಾಲೆ ಸಿಗ್ನಲ್ ಇಲ್ಲ. ಅದಕ್ಕ ಟ್ರಾನ್ಸ್‌ಮಿಟರಿನ ರೇಂಜ್ ಚೆಕ್ ಮೋಡ್ ಹಾಕಿ ಸುಮಾರು ಮೂವತ್ತು ಹೆಜ್ಜಿ ದೂರ ಹೋಗಿ ಎಲ್ಲಾ ಕಂಟ್ರೋಲ್ ಆಡಿಸಿ ನೋಡ್ರಿ.

ರಿಪೇರಿ ಎಲ್ಲಾ ಆತು, ಹಾರಿಸಿದ್ರ ಮೂಗು ಮ್ಯಾಲೆ ಏಳತೈತಿ, ಹಿಡಿತಕ್ಕ ಸಿಗವಲ್ದು.

ಸಿಜಿ (ವಿಮಾನದ ತೂಕ ಸಮ ಆಗೂ ಬಿಂದು) ಹಿಂದ ಹೋಗೈತಿ. ಬಾಲದ ಕಡೆ ಗಮ್, ಟೇಪ್, ಕಡ್ಡಿ ಹಾಕೀರಿ, ಅದರ ಲೆಕ್ಕ ಹಿಂಗ ನೋಡ್ರಿ. ಬಾಲ ಸಿಜಿಯಿಂದ 45 ಸೆಂಟಿಮೀಟರ್ ಹಿಂದ ಐತಿ, ಮೂಗು 15 ಸೆಂಟಿಮೀಟರ್ ಮುಂದ ಐತಿ ಅಂದ್ರ, ಬಾಲಕ್ಕ ಹಾಕಿದ 10 ಗ್ರಾಂ ಗಮ್ಮಿಗೆ ಸಮ ಮಾಡಾಕ ಮೂಗಿನ್ಯಾಗ 30 ಗ್ರಾಂ ಹಾಕಬೇಕು. ಒಟ್ಟು 40 ಗ್ರಾಂ ವಜ್ಜಿ ಆತು, ಹತ್ತು ಗ್ರಾಂ ಗಮ್ಮಿನ ಸಲುವಾಗಿ. ಅದಕ್ಕನ ಬಾಲದ ರಿಪೇರಿಗೆ ಎಪಾಕ್ಸಿ ಸುರೀಬ್ಯಾಡ್ರಿ ಅನ್ನೂದು.

ಸಾದಾ ಆಯತಾಕಾರದ ರೆಕ್ಕಿ ಇದ್ರ ಮುಂದಿನ ಅಂಚಿನಿಂದ ರೆಕ್ಕಿ ಅಗಲದ 25ರಿಂದ 33 ಪರ್ಸೆಂಟ್ ಜಾಗಾದಾಗ ಸಿಜಿ ಇರಬೇಕು. 20 ಸೆಂಟಿಮೀಟರ್ ಅಗಲದ ರೆಕ್ಕಿಗೆ 5ರಿಂದ 6.5 ಸೆಂಟಿಮೀಟರ್. ಬ್ಯಾಟ್ರಿ ಹಾಕಿ, ಹಾರೂ ಮುಂದ ಹೆಂಗ ಇರತೈತಿ ಹಂಗ ಮಾಡಿ, ಎರಡೂ ರೆಕ್ಕಿ ಕೆಳಗ ಆ ಜಾಗಾಕ್ಕ ಬೆರಳು ಇಟ್ಟು ಎತ್ತರಿ. ಮೂಗು ಸ್ವಲ್ಪ ಕೆಳಗ ಬಾಗಿದ್ರ ಛಲೋ, ಬಾಲ ಕೆಳಗ ಹೋತಂದ್ರ ಅವತ್ತು ಹಾರಸಬ್ಯಾಡ್ರಿ. ಮೊದಲ ಬ್ಯಾಟ್ರಿ ಮುಂದ ಸರಿಸಿ ನೋಡ್ರಿ, ಅದಕ್ಕೂ ಆಗಲಿಲ್ಲಂದ್ರ ಅಷ್ಟ ಸೀಸ ಹಾಕೂದು.

ರಿಪೇರಿ ಆದ ಮ್ಯಾಲೆ ಮೊದಲ ಸಲ ಯಾವಾಗ ಹಾರಸೂದು?

ಬೆಳಿಗ್ಗೆ ಗಾಳಿ ಏಳೂ ಮೊದಲ. ಫೆಬ್ರುವರಿ, ಮಾರ್ಚಿನ್ಯಾಗ ಜ್ವಾಳ ಕೊಯ್ದ ಹೊಲ ಖಾಲಿ ಕಾಣತಾವ ಅಂತ ಖುಷಿ ಆಗಬ್ಯಾಡ್ರಿ, ಜ್ವಾಳದ ಕೂಳಿ ಮೊಳಿಗತೆ ನಿಂತಿರತಾವ, ಹೊಟ್ಟಿಲೆ ಇಳಿಸಿದ ಫೋಮ್ ತೂತು ತೂತು. ಬ್ಯಾಸಿಗ್ಯಾಗ ಎರಿ ಹೊಲ ಬಿರಕ ಬಿಟ್ಟಿರತಾವ, ಗಾಲಿ ಬಿರಕಿನ್ಯಾಗ ಹೋಗಿ ಲ್ಯಾಂಡಿಂಗ್ ಗೇರ್ ಕೀಳತೈತಿ. ಗೇರಿನ ತಂತಿ ಮುರದ್ರ ಸಣ್ಣ ವಿಮಾನಕ್ಕ ಸೈಕಲ್ ಕಡ್ಡಿ ಬಗ್ಗಿಸಿ ಹಾಕ್ರಿ, ಛಲೋ ಆಗತೈತಿ.

ಮ್ಯಾಲೆ ಎತ್ತರಕ್ಕ ಹೋಗಿ ಟ್ರಿಮ್ ಮಾಡ್ರಿ, ಥ್ರಾಟಲ್ ಕಡಿಮಿ ಮಾಡಿ ಸ್ಟಾಲ್ ಹೆಂಗ ಆಗತೈತಿ ಅಲ್ಲೇ ನೋಡ್ರಿ. ನಾಕು ನಿಮಿಷಕ್ಕ ಇಳಿಸಿ ಮೋಟರ್, ಇಎಸ್‌ಸಿ, ಬ್ಯಾಟ್ರಿ ಮುಟ್ಟಿ ನೋಡ್ರಿ. ಕೈ ಇಡಾಕ ಆಗಲಾರದಷ್ಟು ಬಿಸಿ ಇದ್ರ ಎಲ್ಲೋ ಏನೋ ತಾಕಾಕತ್ತೈತಿ.

ಸಾಮಾನು ಇಲ್ಲೇ ಸಿಗತಾವೇನು?

ಮೋಟರ್, ಇಎಸ್‌ಸಿ, ಲಿಪೋ ಹೆಚ್ಚಾಗಿ ಆನ್‌ಲೈನ್. ಉಳದದ್ದು ಊರಾಗ ಹುಡಕಿದ್ರ ಸಿಗತೈತಿ, ಫೋಮ್‌ಬೋರ್ಡ್ ದೊಡ್ಡ ಸ್ಟೇಶನರಿ ಅಂಗಡ್ಯಾಗ, ಫೈಬರ್ ಟೇಪ್ ಪ್ಯಾಕಿಂಗ್ ಸಾಮಾನಿನವರ ಹತ್ರ, ಗಮ್ ಎಲ್ಲಾ ಹಾರ್ಡ್‌ವೇರ್ ಅಂಗಡ್ಯಾಗ. ಫ್ಲೆಕ್ಸ್ ಬೋರ್ಡ್ ಮಾಡೂರು ಸನ್‌ಬೋರ್ಡ್ ಅಂತ ಕೊಡತಾರ, ಅದರಾಗ ಪಿವಿಸಿದು ಭಾಳ ವಜ್ಜಿ, ಕೈಯಾಗ ಎತ್ತಿ ನೋಡಿ ತಗೋರಿ.

ಎಷ್ಟು ಸಲ ರಿಪೇರಿ ಮಾಡೂದು, ಯಾವಾಗ ಬಿಟ್ಟಬಿಡೂದು?

ಹೊಸಾದು ಇದ್ದಾಗಿನ ತೂಕ ಒಂದ ಕಡೆ ಬರದಿಡ್ರಿ. ಪ್ರತಿ ರಿಪೇರಿ ಆದ ಮ್ಯಾಲೆ ಅಡಿಗಿ ಮನಿ ತಕ್ಕಡ್ಯಾಗ ತೂಗ್ರಿ. ನನ್ನ ಲೆಕ್ಕದಾಗ ಹತ್ತು ಪರ್ಸೆಂಟ್ ಹೆಚ್ಚಾತಂದ್ರ ಅದರ ಹಾರಾಟದ ರುಚಿ ಹೋತು, ಇಳಿಸೂ ಮುಂದ ಜೋರ ಬರತೈತಿ, ಜೋರ ಬಂದದ್ದು ಜೋರ ಬಡಕೋತೈತಿ. ಆವಾಗ ಎಲೆಕ್ಟ್ರಾನಿಕ್ಸ್ ತಗದು, ಹಳೇ ತುಂಡುಗಳನ್ನ ಫೋಮ್‌ಬೋರ್ಡಿನ ಮ್ಯಾಲಿಟ್ಟು ಪೆನ್ಸಿಲ್ ಎಳದು ಹೊಸಾದ್ದು ಕೊಯ್ಕೋರಿ. ಅದು ಅಂಟಿಸಿ ಅಂಟಿಸಿ ಕುಂಡ್ರೂದಕ್ಕಿಂತ ಬೇಗ ಮುಗಿಯೂ ಕೆಲಸ.

ಎಲ್ಲಿ ಹಾರಸಬಾರದು?

ವಿಮಾನ ಆದ್ರೂ 2021ರ ಡ್ರೋನ್ ನಿಯಮದಾಗ ಬರತೈತಿ, ನಾಕು ಫ್ಯಾನಿನ ಡ್ರೋನಿಗೆ ಮಾತ್ರ ಅಲ್ಲ. ಡಿಜಿಟಲ್ ಸ್ಕೈ (ಸರ್ಕಾರದ ಡ್ರೋನ್ ವೆಬ್‌ಸೈಟ್) ನಕ್ಷ್ಯಾಗ ನಿಮ್ಮ ಹೊಲ ಹಸರ ಐತೇನು ನೋಡ್ರಿ, ಹಸರ ಇದ್ರ 400 ಅಡಿ ತನಕ ಪರವಾನಗಿ ಬೇಕಿಲ್ಲ, ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ಒಳಗ ಆದ್ರ 200 ಅಡಿ ಅಷ್ಟ. ಬೆಳಗಾವಿಯವರು ಸಾಂಬ್ರಾ ಕಡೆ ಹೋಗೂದ ಬ್ಯಾಡ, ಅಲ್ಲಿ ವಿಮಾನ ನಿಲ್ದಾಣಾನೂ ಐತಿ ವಾಯುಪಡೆನೂ ಐತಿ. ಕ್ಯಾಂಪ್ ಏರಿಯಾ ಪೂರ್ತಿ ಮಿಲಿಟರಿದು. ವಿಜಯಪುರದಾಗ ಗೋಳಗುಮ್ಮಟದ ಹತ್ರ, ಬಾಗಲಕೋಟಿ ಕಡೆಯವರು ಆಲಮಟ್ಟಿ ಡ್ಯಾಮಿನ ಹತ್ರ ತಗೀಲೇಬ್ಯಾಡ್ರಿ, ವಿಡಿಯೋ ಎಷ್ಟ ಛಂದ ಬರಲಿ.

ಹಳ್ಳದಾಗ, ಮಳಿ ನೀರಾಗ ಬಿತ್ತು. ಎಲೆಕ್ಟ್ರಾನಿಕ್ಸ್ ಉಳೀತಾವೇನು?

ಬ್ಯಾಟ್ರಿ ಎಷ್ಟ ಬೇಗ ಕಿತ್ತೀರಿ ಅದರ ಮ್ಯಾಲೆ. ನೀರಿನಕಿಂತ ನೀರಾಗ ಕರೆಂಟ್ ಹರಿಯೂದು ಹಾಳ ಮಾಡತೈತಿ. ರಾಡಿ ನೀರಾದ್ರ ಬ್ಯಾಟ್ರಿ ಕಿತ್ತ ಮ್ಯಾಲೆ ರಿಸೀವರ್, ಇಎಸ್‌ಸಿ ಸ್ವಚ್ಛ ನೀರಾಗ ಅದ್ದಿ ರಾಡಿ ತಗೀರಿ, ಆಮ್ಯಾಲೆ ಐಸೋಪ್ರೊಪೈಲ್ ಆಲ್ಕೋಹಾಲಿನ್ಯಾಗ ತೊಳೀರಿ, ಅದು ಉಳದ ನೀರು ತಗೊಂಡು ಹೋಗತೈತಿ. ಫ್ಯಾನಿನ ಕೆಳಗ ಎರಡು ದಿನ ಇಡ್ರಿ. ಅಕ್ಕಿ ಡಬ್ಬ್ಯಾಗ ಹುಗಿಯೂದ್ರಿಂದ ಏನೂ ಇಲ್ಲ, ಪುಡಿ ಒಳಗ ಸೇರತೈತಿ ಅಷ್ಟ. ಮೋಟರ್ ಬೇರಿಂಗಿಗೆ ಒಂದು ಹನಿ ಹೊಲಿಗಿ ಮಶಿನ್ ಎಣ್ಣಿ ಬಿಡ್ರಿ, ಸರ್ವೋ ಬಿಚ್ಚಿ ಒಳಗಿನ ಬೋರ್ಡ್ ಒಣಗೇತೇನು ನೋಡೇ ಮುಚ್ಚರಿ, ಅದರಾಗ ನಿಂತ ನೀರು ವಾರ ಬಿಟ್ಟು ಕಾಡತೈತಿ.